ಶನಿವಾರದ ದೊಡ್ಡಯ್ಯ

ಸಿಟಿವೆಸ್ಟ್, ಡಬ್ಲಿನ್
೩೦ ಮೇ ೨೦೨೧, ಭಾನುವಾರ

ನನ್ನ ಗೀತಕ್ಕ,

ಹೇಗಿದ್ದೀಯಾ? ಚಿನ್ನುವಿನ ಕೆಮ್ಮು ಇಳಿಯಿತಾ? ಬರೆಯುತ್ತೇನೆ ಬರೆಯುತ್ತೇನೆ ಅಂತ ಒಂದು ತಿಂಗಳು ತಳ್ಳಿದೆ, ಬೈಯಬೇಡ. ದಿನಾ ಫೋನಿನಲ್ಲಿ ಸಿಗುವವಳು ಇಷ್ಟುದ್ದ ಮೇಲ್ ಯಾಕೆ ಕಳಿಸಿದಳು ಎಂದು ಹುಬ್ಬೇರಿಸಿದ್ದೀಯಾ ಅಲ್ವಾ? ನಮ್ಮ ಫ್ಲಾಟು ಎಷ್ಟು ಚಿಕ್ಕದೆಂದರೆ ಬಚ್ಚಲಲ್ಲಿ ಪಿಸುಗುಟ್ಟಿದ್ದು ಅಡುಗೆಮನೆಯಲ್ಲಿ ಕೇಳಿಸುತ್ತದೆ. ಇದು ಪೃಥ್ವಿಯ ಕಿವಿಗೆ ಬೀಳಬಾರದ ಮಾತು. ಇಂಗ್ಲಿಷಿನಲ್ಲಿ ಬರೆದರೆ ಅವನು ಬೆನ್ನ ಹಿಂದೆ ಹಾದುಹೋಗುವಾಗಲೇ ಓದಿಬಿಡುತ್ತಾನೆ. ಕನ್ನಡವಾದರೆ ಅವನೂ ನನ್ನಂತೆ ಅಕ್ಷರ ಕೂಡಿಸಿಕೊಂಡು ಓದಬೇಕು. ಕಾನ್ವೆಂಟಿನವಳ ಒತ್ತಕ್ಷರಗಳನ್ನು ನೀನೇ ತಿದ್ದಿಕೋ.

ಮೊದಲು ಒಳ್ಳೆಯ ಸುದ್ದಿ. ನಾನು ತುಂಬಾ ಸುಖವಾಗಿದ್ದೇನೆ ಅಕ್ಕ. ಲಾಕ್‌ಡೌನಿನಲ್ಲಿ ಮದುವೆಯಾದವರಿಗೆ ಹನಿಮೂನ್ ಇಲ್ಲ ಎಂದು ಎಲ್ಲರೂ ಅಯ್ಯೋ ಪಾಪ ಅಂದರಲ್ಲ, ಆರು ತಿಂಗಳು ಗಂಡ ಮನೆಯಲ್ಲೇ ಇರುವ ಹನಿಮೂನ್ ಇನ್ಯಾರಿಗೆ ಸಿಕ್ಕಿದೆ ಹೇಳು. ಅವನು ಮೀಟಿಂಗಿನಲ್ಲಿ ಕೂತಿದ್ದರೆ ನಾನು ಕ್ಯಾಮೆರಾಗೆ ಕಾಣದ ಹಾಗೆ ಬಗ್ಗಿ ಹೋಗಿ ಕಾಫಿ ಇಟ್ಟು ಬರುತ್ತೇನೆ. ಅವನು ಮೇಜಿನ ಕೆಳಗಿನಿಂದ ನನ್ನ ಕೈ ಹಿಡಿದುಕೊಂಡು, ಮೇಲೆ ಗಂಭೀರವಾಗಿ ಮಾತಾಡುತ್ತಲೇ ಇರುತ್ತಾನೆ. (ಅತ್ತೆಯ ಮುಂದೆ ‘ಅವರು’ ಎನ್ನುತ್ತೇನೆ, ಚಿಂತೆ ಮಾಡಬೇಡ.)

ಈಗ ಕೆಟ್ಟದ್ದು. ಎರಡು ವಾರದಿಂದ ಪೃಥ್ವಿ ನನ್ನಿಂದ ಏನನ್ನೋ ಮುಚ್ಚಿಡುತ್ತಿದ್ದಾನೆ.

ಗಡ್ಡ ಬಿಟ್ಟಿದ್ದಾನೆ. ಕಣ್ಣು ಕೆಂಪಗಿರುತ್ತದೆ, ಕೇಳಿದರೆ ಹೇ ಫೀವರ್, ಹುಲ್ಲಿನ ಪರಾಗದ ಅಲರ್ಜಿ ಅನ್ನುತ್ತಾನೆ. ಬೆಳಿಗ್ಗೆ ದೇವರಿಗೆ ದೀಪ ಹಚ್ಚದೆ ಕಾಫಿ ಕುಡಿಯದವನು ಹತ್ತು ದಿನ ದೇವರ ಗೂಡಿನ ಹತ್ತಿರವೂ ಸುಳಿಯಲಿಲ್ಲ. ಬೆನ್ನು ನೋವಂತೆ, ಬಗ್ಗಲು ಆಗುವುದಿಲ್ಲವಂತೆ. ಕೈಯಿಂದ ಬಿದ್ದ ಪೆನ್ನನ್ನು ಸಲೀಸಾಗಿ ಬಗ್ಗಿ ಎತ್ತಿಕೊಂಡಿದ್ದನ್ನು ನಾನೇ ನೋಡಿದೆ. ಅವರ ಮನೆಯ ವಾಟ್ಸಾಪ್ ಗುಂಪಿನಲ್ಲಿ ಮಾತೇ ಇಲ್ಲ. “ಎಲ್ರೂ ಬರೀ ಗುಡ್ ಮಾರ್ನಿಂಗ್ ಹಾಕ್ತಿದ್ರು, ಅದಕ್ಕೇ ಬಂದ್ ಮಾಡಿದ್ವಿ” ಅಂದ. ಅತ್ತೆಯ ವಿಡಿಯೊ ಕರೆಯೂ ನಿಂತಿದೆ. ಮಾತಾಡಿದರೂ ನೆಟ್‌ವರ್ಕ್ ಸರಿಯಿಲ್ಲ ಎಂದು ಎರಡೇ ನಿಮಿಷಕ್ಕೆ ಇಡುತ್ತಾರೆ.

ಎಲ್ಲಕ್ಕಿಂತ ದೊಡ್ಡದು ಶನಿವಾರದ ವಿಷಯ. ಕಳೆದ ಎರಡು ಶನಿವಾರವೂ ಹನ್ನೊಂದು ಗಂಟೆಗೆ ಸರಿಯಾಗಿ ಚಿಕ್ಕ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಹೆಡ್‌ಫೋನ್ ಇರುವುದರಿಂದ ಅವನ ಮಾತು ಮಾತ್ರ ಕೇಳಿಸುತ್ತದೆ. ಒಮ್ಮೆ ಗಡಸು ದನಿ, ಒಮ್ಮೆ ಹೆಣ್ಣು ದನಿ, ಆಮೇಲೆ ಗೊಗ್ಗರು ಕೂಗು. “ದೊಡ್ಡಯ್ಯ ಬಂದ, ದೊಡ್ಡಯ್ಯ ಬಂದ.” ನಡುವೆ ಮೆತ್ತಗೆ, “ಅಳಬಾರದು ಬಂಗಾರ, ನಾನಿದೀನಲ್ಲ.”

ಹೊರಗೆ ಬಂದಾಗ ಕೇಳಿದೆ. “ಯಾರ ಜೊತೆ ಮಾತಾಡ್ತಿದ್ದೆ?”

“ಆಫೀಸಿನವರ ಮಗು. ಶಾಲೆಯಿಲ್ಲ, ಬೋರು ಅಂತೆ. ಕಥೆ ಹೇಳ್ತಿದ್ದೆ.”

“ಕನ್ನಡದ ಮಗು ಯಾರಪ್ಪಾ ನಿನ್ನಾಫೀಸಲ್ಲಿ?”

“ಇದಾರೆ ಬಿಡು,” ಅಂದವನು ಫ್ರಿಜ್ ತೆರೆದು ಸುಮ್ಮನೆ ನಿಂತ. ಅದರಲ್ಲಿ ಮೊಸರು ಬಿಟ್ಟು ಬೇರೇನೂ ಇರಲಿಲ್ಲ.

ಮೇಲಿನ ಮಹಡಿಯ ಶರ್ಮಿಳಾಗೆ ಹೇಳಿಕೊಂಡೆ. ಇಲ್ಲಿಗೆ ಬಂದು ಆರು ವರ್ಷವಾದವಳು, ಇಲ್ಲಿಯವರಂತೆ ‘ಪರವಾಗಿಲ್ಲ’ ಎನ್ನಲೂ ‘ಗ್ರ್ಯಾಂಡ್’ ಎನ್ನುತ್ತಾಳೆ, ಗಂಡ ಲೀಕ್ಸ್‌ಲಿಪ್ಪಿನ ಚಿಪ್ ಕಾರ್ಖಾನೆಯಲ್ಲಿದ್ದಾನೆ. “ಅದೆಲ್ಲ ಗ್ರ್ಯಾಂಡ್ ಕಣೆ. ಗಂಡಸ್ರಿಗೆ ಒಂದು ರೂಮ್ ಸಿಕ್ರೆ ಸಾಕು, ಒಳಗ್ಹೋಗಿ ಬಾಗ್ಲು ಹಾಕ್ಕೋತಾರೆ. ನಮ್ಮನೇದೂ ಹಂಗೇ,” ಅಂದಳು. ಮೆಟ್ಟಿಲು ಹತ್ತುತ್ತಿದ್ದವಳು ನಿಂತು, “ಬಂಗಾರ ಅಂದ್ನಾ? ಹಂಗಾದ್ರೆ ಸ್ವಲ್ಪ ನೋಡ್ಕೋ,” ಅಂದಳು. ಅವತ್ತಿನಿಂದ ನನಗೆ ಅನ್ನ ಸೇರುತ್ತಿಲ್ಲ.

ಅವನಿಗೆ ಮೊದಲೇ ಒಂದು ಮದುವೆ, ಒಂದು ಮಗು ಇದ್ದಿರಬಹುದಾ ಅಕ್ಕ? ನೀವೆಲ್ಲ ಸರಿಯಾಗಿ ವಿಚಾರಿಸಿದ್ದಿರಿ ತಾನೇ? ಚಿನ್ನುವಿನ ಎರಡೂ ಕೆನ್ನೆಗೆ ಚಿಕ್ಕಮ್ಮನ ಮುತ್ತು.

ನಿನ್ನ
ಅರ್ಪಿತಾ

ತಾ.ಕ.: ಅಮ್ಮನಿಗೆ ಹೇಳಬೇಡ. ನಿನ್ನ ಹತ್ತಿರ ಬಿಟ್ಟು ಇನ್ಯಾರ ಹತ್ತಿರವೂ ನಾನು ಹೀಗೆ ಬಾಯಿ ಬಿಡಲಾರೆ.

ಸಿಟಿವೆಸ್ಟ್
೧೩ ಜೂನ್ ೨೦೨೧, ಭಾನುವಾರ

ಗೀತಕ್ಕ,

ಎರಡು ಪುಟ ಬರೆದವಳಿಗೆ ಒಂದೇ ಸಾಲಿನ ಉತ್ತರವಾ? “ಇಲ್ಲದ್ದು ಊಹಿಸಿಕೊಳ್ಳಬೇಡ, ಏನೂ ಕೇಳಬೇಡ, ಸುಮ್ಮನಿರು.” ಆಮೇಲೆ ಫೋನಿನಲ್ಲಿ ಸಿಕ್ಕಾಗ ನೀನು ನುಗ್ಗೆಕಾಯಿ ಸಾರಿನ ವಿಷಯ ತೆಗೆದೆ. ಸುಮ್ಮನಿರಲು ನನಗೆ ಆಗಲಿಲ್ಲ ನೋಡು. ಇನ್ನೂ ಮುಂದಕ್ಕೆ ಹೋಗಿದ್ದೇನೆ.

ನಿನ್ನೆ ಹನ್ನೆರಡೂವರೆಗೆ ಪೃಥ್ವಿ ಸಾಮಾನು ತರಲು ಇಂಡಿಯನ್ ಅಂಗಡಿಗೆ ಹೋದ. ಚಿಕ್ಕ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದೇ ಇತ್ತು. ಪರದೆಯ ಮೇಲೆ ಒಂದು ಹಳೆಯ ಜಪಾನಿ ಸಿನಿಮಾ ಅರ್ಧಕ್ಕೆ ನಿಂತಿತ್ತು. ಕೂತು ಕಾಲು ಗಂಟೆ ನೋಡಿದೆ. ನಾಲ್ಕು ಅಂತಸ್ತಿನ ಮನೆಯಷ್ಟು ಎತ್ತರದ ಮೃಗ. ಮೀನಿನ ಹಾಗೆ ಉದ್ದುದ್ದ ಮೀಸೆ, ಕೋಣದ ಮೈ, ಬೆನ್ನ ತುಂಬಾ ಪಾಚಿ. ಒಳಗೆ ಮನುಷ್ಯನಿದ್ದಾನೆ ಎಂದು ಗೊತ್ತಾಗುತ್ತದೆ, ಕತ್ತಿನ ಹಿಂದೆ ರಬ್ಬರು ಸುಕ್ಕುಗಟ್ಟಿದೆ. ಅದು ಸಮುದ್ರದಿಂದ ಎದ್ದು ಬಂದಾಗಲೆಲ್ಲ ನೆಲ ನಡುಗುತ್ತದೆ, ರಟ್ಟಿನ ಮನೆಗಳು ಉರುಳುತ್ತವೆ. ಜನ ಗಂಟೆ ಬಾರಿಸುತ್ತಾರೆ, ಸೈನ್ಯ ಫಿರಂಗಿ ಹಾರಿಸುತ್ತದೆ. ಅದು ಮಾತ್ರ ತಿರುಗಿ ಬೀಳುವುದಿಲ್ಲ. ಬಿರುಕು ಬಿಟ್ಟ ನೆಲದೊಳಕ್ಕೆ ಇಳಿದು ಬೆನ್ನು ಕೊಟ್ಟು ನಿಲ್ಲುತ್ತದೆ, ನಡುಕ ನಿಂತ ಮೇಲೆ ಮೈತುಂಬಾ ಗಾಯವಾಗಿ ಸಮುದ್ರಕ್ಕೆ ಹಿಂದಿರುಗುತ್ತದೆ. ದೊಡ್ಡಯ್ಯ ಎಂದರೆ ಇದೇ. ದೊಡ್ಡ ದೊಡ್ಡ ಒದ್ದೆ ಕಣ್ಣು ಅದಕ್ಕೆ. ನಾನು ಎಷ್ಟು ಸಿಟ್ಟಿನಲ್ಲಿದ್ದರೂ ಪಾಪ ಅನ್ನಿಸಿತು.

ಆಮೇಲೆ ಅವನ ಮೇಲ್ ನೋಡಿದೆ. ತಪ್ಪು, ಗೊತ್ತು. ಜಪಾನಿನ ಒಂದು ಅಂಗಡಿಯಿಂದ ಅದೇ ಮೃಗದ ರಬ್ಬರಿನ ಗೊಂಬೆ ತರಿಸಿದ್ದಾನೆ. ಕಳಿಸಿರುವುದು ಮೈಸೂರಿಗೆ, ವಸುಂಧರಾ ಹೆಸರಿಗೆ. ನಮ್ಮ ಓರಗಿತ್ತಿ ಅಕ್ಕ, ಪೃಥ್ವಿಯ ಅಣ್ಣ ವಿಶ್ವಭಾವನ ಹೆಂಡತಿ. ಅಲ್ಲಿಂದ ಎದ್ದು ಅವನು ಮಂಚದ ಮೇಲೆ ಮರೆತು ಹೋಗಿದ್ದ ಫೋನ್ ತೆಗೆದೆ. ವಸುಂಧರಾ, ನಲವತ್ತೆರಡು ನಿಮಿಷ. ವಸುಂಧರಾ, ಒಂದು ಗಂಟೆ. ಒಂದು ದಿನವೂ ತಪ್ಪಿಲ್ಲ, ಎಲ್ಲ ಅವನು ಒಬ್ಬನೇ ವಾಕಿಂಗ್ ಹೋಗುವ ಹೊತ್ತಿಗೆ.

ಮದುವೆಯಲ್ಲಿ ನನ್ನ ಜಡೆ ಹೆಣೆದವಳು ಅವಳೇ. ಅವರ ಮಗಳು ಐಶುಗೆ ಏಳು ವರ್ಷ, ಮಗುವಿನ ಜೊತೆ ಮಾತಾಡುವುದಾದರೆ ನನ್ನ ಎದುರಿಗೇ ಮಾತಾಡಬಹುದಿತ್ತಲ್ಲ? ಆಫೀಸಿನವರ ಮಗು ಎಂದು ಸುಳ್ಳು ಯಾಕೆ? ಹೆಂಡತಿ ಮತ್ತು ತಮ್ಮನ ವಿಷಯದಲ್ಲಿ ಏನೂ ಅರಿಯದೆ ನೆಮ್ಮದಿಯಾಗಿದ್ದಾರೆ, ಪಾಪ ವಿಶ್ವಭಾವ. ಯಾರಾದರೂ ಅವರಿಗೆ ಹೇಳಬೇಕಲ್ಲ.

ನಾನೇ ಹೇಳಿದೆ. ಇವತ್ತು ಬೆಳಿಗ್ಗೆ ವಿಶ್ವಭಾವನ ನಂಬರಿಗೆ ಹೀಗೆ ಬರೆದೆ: “ಭಾವ, ನಿಮ್ಮ ಮನೆಯವರು ನನ್ನ ಗಂಡನ ಹತ್ತಿರ ದಿನಾ ಗಂಟೆಗಟ್ಟಲೆ ಏನು ಮಾತಾಡುತ್ತಾರೆ ಎಂದು ದಯವಿಟ್ಟು ಕೇಳಿ.” ಎರಡು ನೀಲಿ ಗೆರೆ ಬಂದಿವೆ. ಓದಿದ್ದಾರೆ, ಉತ್ತರವಿಲ್ಲ.

ನಾನು ಈ ಮನೆಯಲ್ಲಿ ಇರಲಾ, ಬಿಟ್ಟು ಬರಲಾ? ಬರುವುದಾದರೂ ಹೇಗೆ ಈ ಕಾಲದಲ್ಲಿ? ನೀನು ಹೇಳಿದಂತೆ ಮಾಡುತ್ತೇನೆ.

ನಿನ್ನ
ಅರ್ಪಿತಾ

ತಾ.ಕ.: ಅವನು ಅಂಗಡಿಯಿಂದ ನನಗೆ ಮಲ್ಲಿಗೆ ತಂದಿದ್ದ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಆರೇ ಆರು ಮೊಗ್ಗು. ಮುಡಿದುಕೊಂಡೆ. ಅದಕ್ಕೇ ಇನ್ನೂ ಸಿಟ್ಟು ಬರುತ್ತಿದೆ.

ಸಿಟಿವೆಸ್ಟ್
೨೦ ಜೂನ್ ೨೦೨೧, ಭಾನುವಾರ

ಅಕ್ಕ,

ಮೇಲ್ ಓದಿದವಳೇ ಫೋನ್ ಮಾಡಿ, “ಅದನ್ನ ಡಿಲೀಟ್ ಮಾಡು, ಈಗ್ಲೇ ಮಾಡು” ಎಂದು ಕಿರುಚಿದೆಯಲ್ಲ, ಆಗ ನಾನು ನಿನಗೆ ಎದುರು ಮಾತಾಡಿ ಇಟ್ಟುಬಿಟ್ಟೆ. ಒಂದು ವಾರ ನಿನ್ನ ಕರೆ ಎತ್ತಲಿಲ್ಲ. ಅದಕ್ಕೆ ಕ್ಷಮೆ ಇರಲಿ. ಯಾಕೆ ಕಿರುಚಿದೆ ಎಂದು ನಿನ್ನೆ ಗೊತ್ತಾಯಿತು.

ನಿನ್ನೆ ಹನ್ನೊಂದಕ್ಕೆ ಪೃಥ್ವಿ ಚಿಕ್ಕ ಕೋಣೆಯ ಬಾಗಿಲು ತೆರೆದಿಟ್ಟು, “ಬಾ, ಕೂತ್ಕೋ,” ಅಂದ. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ. ಪರದೆಯ ಮೇಲೆ ಐಶು ಇದ್ದಳು, ತೊಡೆಯ ಮೇಲೆ ಆ ರಬ್ಬರಿನ ಗೊಂಬೆ. ಹಿಂದೆ ಗೋಡೆಯ ಮೇಲೆ ವಿಶ್ವಭಾವನ ಫೋಟೊ, ಅದಕ್ಕೆ ಹಾರ.

ನನಗೆ ತಕ್ಷಣ ಅರ್ಥವೇ ಆಗಲಿಲ್ಲ. ಹುಟ್ಟುಹಬ್ಬವೇನೋ ಅಂದುಕೊಂಡೆ ಅಕ್ಕ. ನಿಜವಾಗಿ ಹಾಗೇ ಅಂದುಕೊಂಡೆ.

ಮೇ ಹದಿನೈದಕ್ಕೆ ಹೋದರಂತೆ. ಕೋವಿಡ್, ಆಸ್ಪತ್ರೆ ಸೇರಿ ನಾಲ್ಕೇ ದಿನ. ತಮ್ಮ ಇಲ್ಲಿ, ಹೋಗುವ ದಾರಿಯಿಲ್ಲ, ಯಾರೋ ಸ್ವಯಂಸೇವಕರು ಸಂಸ್ಕಾರ ಮಾಡಿದ್ದನ್ನು ಫೋನಿನಲ್ಲಿ ನೋಡಿದನಂತೆ. ನಾನು ಆಗ ಪಕ್ಕದ ಕೋಣೆಯಲ್ಲಿ ಮಲಗಿ ಧಾರಾವಾಹಿ ನೋಡುತ್ತಿದ್ದೆ. ಸೂತಕವೆಂದು ಅವನು ದೀಪ ಮುಟ್ಟದೆ ಇದ್ದ ಹತ್ತು ದಿನವೂ ನಾನು ಎರಡು ಹೊತ್ತು ದೀಪ ಹಚ್ಚಿದೆ. ಮದುವೆಗೆ ಆರು ತಿಂಗಳಾಯಿತೆಂದು ಇಪ್ಪತ್ತೇಳಕ್ಕೆ ಕೇಕ್ ಮಾಡಿ, ರೇಷ್ಮೆ ಸೀರೆ ಉಟ್ಟು, ಅವನ ಬಾಯಿಗೆ ತುರುಕಿದ ಫೋಟೊ ಹಾಕಿದೆನಲ್ಲ, ಅವತ್ತು ಅಲ್ಲಿ ಹದಿಮೂರನೆಯ ದಿನ. ಅವನು ಆ ಕೇಕನ್ನು ತಿಂದ. ನಾನು ಕೇಳಿದಾಗ ಚೆನ್ನಾಗಿದೆ ಎಂದೂ ಅಂದ.

ವಸುಂಧರಕ್ಕ ಪರದೆಯ ಮುಂದೆ ಬಂದಳು. ಅವಳೇ ಅಂದಳು, “ನೀನು ಬರೆದಿದ್ದು ಓದ್ದೆ ಅರ್ಪಿತಾ. ಫೋನ್ ನನ್ನ ಹತ್ರಾನೇ ಇದೆ. ಅವರಿದ್ದಿದ್ರೆ ಬಿದ್ದು ಬಿದ್ದು ನಗ್ತಿದ್ರು. ವಾರವಿಡೀ ನನ್ನ ಗೋಳು ಹೊಯ್ಕೋತಿದ್ರು.” ಆಮೇಲೆ ಪೃಥ್ವಿಯ ಕಡೆ ತಿರುಗಿ, “ಸಾಕು ಕಣಪ್ಪ ಮುಚ್ಚಿಟ್ಟಿದ್ದು. ಅವಳು ಇಲ್ಲದ್ದೆಲ್ಲ ಅಂದ್ಕೊಂಡು ಒಣಗೋಗಿದಾಳೆ,” ಅಂದಳು. ನಾನು ಕೈ ಮುಗಿದೆ. “ಸುಮ್ನೆ ಕೂತ್ಕೊಂಡು ಸಿನ್ಮಾ ನೋಡು,” ಅಂದು ಒಳಗೆ ಹೋದಳು.

ಅಣ್ಣ ತಮ್ಮಂದಿರು ಚಿಕ್ಕವರಿದ್ದಾಗ ಬಾಡಿಗೆಗೆ ತಂದ ಕ್ಯಾಸೆಟ್ಟಂತೆ ಇದು. ಭಾಷೆ ಯಾರಿಗೂ ತಿಳಿಯದೆ ವಿಶ್ವಭಾವನೇ ಎಲ್ಲ ಪಾತ್ರಕ್ಕೂ ಕನ್ನಡ ಹೇಳುತ್ತಿದ್ದರಂತೆ. ದೊಡ್ಡಯ್ಯ ಅವರಿಟ್ಟ ಹೆಸರು. ಮಗಳಿಗೂ ಶನಿವಾರ ಶನಿವಾರ ಹಾಗೇ ತೋರಿಸುತ್ತಿದ್ದರು. ಈಗ ಪೃಥ್ವಿ ಅಣ್ಣನ ದನಿ ಮಾಡುತ್ತಾನೆ. ಐಶು ಸುಮ್ಮನೆ ಬಿಡುವುದಿಲ್ಲ. “ಇಲ್ಲ ಚಿಕ್ಕಪ್ಪ, ಅಪ್ಪ ಇಲ್ಲಿ ಕೆಮ್ತಿದ್ರು. ಮೇಯರ್ ಕೆಮ್ಬೇಕು,” ಎಂದು ನಿಲ್ಲಿಸಿ ತಿದ್ದುತ್ತಾಳೆ. ಅವನು ಕೆಮ್ಮುತ್ತಾನೆ.

ಸೈನ್ಯ ಫಿರಂಗಿ ಹಾರಿಸುವಾಗ ಐಶು ನನಗೆ ವಿವರಿಸಿದಳು. “ಅದು ಬಂದಿದ್ದಕ್ಕೆ ಭೂಮಿ ಅಲ್ಲಾಡಲ್ಲ ಚಿಕ್ಕಮ್ಮ. ಭೂಮಿ ಅಲ್ಲಾಡುತ್ತೆ ಅಂತ ಅದಕ್ಕೆ ಮೊದ್ಲೇ ಗೊತ್ತಾಗುತ್ತೆ, ಅದಕ್ಕೇ ಬರುತ್ತೆ. ಈ ಜನ ಪೆದ್ದರು, ಉಲ್ಟಾ ತಿಳ್ಕೊಂಡಿದಾರೆ.” ಸ್ವಲ್ಪ ಹೊತ್ತು ಗೊಂಬೆಯ ಮೀಸೆ ಎಳೆದು ನೋಡಿ, “ನೀವು ನಮ್ಮನೆಗೆ ಬಂದ್ರಲ್ಲ, ಅದಕ್ಕೇ ಅಪ್ಪ ಸತ್ತೋದ್ರಂತೆ. ಕಾಲ್ಗುಣ ಅಂತೆ. ಫೋನಲ್ಲಿ ಅಂದಿದ್ದು ಕೇಳಿಸ್ಕೊಂಡೆ. ಹೌದಾ?” ಅಂದಳು.

ಪೃಥ್ವಿ ಸಿನಿಮಾ ನಿಲ್ಲಿಸಿದ. ಅವನು ಏನಾದರೂ ಹೇಳುವ ಮೊದಲೇ ನಾನು, “ನಂಗೊತ್ತಿಲ್ಲ ಪುಟ್ಟಾ. ನಿಂಗೇನನ್ಸುತ್ತೆ?” ಅಂದೆ.

“ನೀವು ಬಂದಾಗ ನೆಲ ಅಲ್ಲಾಡಿಲ್ವಲ್ಲ,” ಅಂದಳು ಯೋಚಿಸಿ. “ಇಲ್ಲ ಅನ್ಸುತ್ತೆ. ಮುಂದಕ್ಕೆ ಹಾಕಿ ಚಿಕ್ಕಪ್ಪ.”

ಆಮೇಲೆ ಪೃಥ್ವಿ ತುಂಬಾ ಅತ್ತ. ಆ ಒಂದು ಮಾತು ನನ್ನ ಕಿವಿಗೆ ಬೀಳಬಾರದೆಂದೇ ಎಲ್ಲರ ಬಾಯಿ ಮುಚ್ಚಿಸಿದ್ದನಂತೆ. ನಾನು ಎದುರಿಗೆ ಬಂದರೆ ಮಗು ಅಂದುಬಿಡುತ್ತದೆ ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದನಂತೆ. “ಒಬ್ಬನೇ ಅಳೋಕೆ ನಿಂಗೆ ಹೇಗೆ ಮನಸ್ಸಾಯ್ತು?” ಅಂದೆ. ಸಿಟ್ಟು ಪೂರ್ತಿ ಹೋಗಿಲ್ಲ. ಆದರೆ ಬಿಟ್ಟು ಬರುವ ಮಾತು ಇನ್ನಿಲ್ಲ. ಮುಂದಿನ ಶನಿವಾರದಿಂದ ಸಿನಿಮಾದ ಹೆಣ್ಣು ದನಿಗಳೆಲ್ಲ ನನ್ನವು. ಪೃಥ್ವಿಯ ಹೆಣ್ಣು ದನಿ ಮೇಕೆಯ ಹಾಗಿದೆ ಎಂದು ಐಶುವೇ ತೀರ್ಮಾನಿಸಿದ್ದಾಳೆ.

ನಿನಗೂ ಮನೆಯ ಎಲ್ಲರಿಗೂ ನನ್ನ ನಮಸ್ಕಾರ. ಚಿನ್ನು ಆಯುಸ್ಸು ತುಂಬಿ ಬಾಳಲಿ. ಈ ವರ್ಷ ಯಾವ ಮಗುವಿಗೂ ಇದಕ್ಕಿಂತ ದೊಡ್ಡ ಹಾರೈಕೆ ನನಗೆ ತೋಚುತ್ತಿಲ್ಲ.

ಅರ್ಪಿತಾ

ತಾ.ಕ.: ಇದನ್ನು ಮೇಲೆಯೇ ಬರೆದಿದ್ದರೆ ಪತ್ರ ಮುಗಿಸಲು ಆಗುತ್ತಿರಲಿಲ್ಲ. ಅತ್ತೆಯೇ ಆ ಮಾತು ಅಂದಿರಬೇಕೆಂದು ನನ್ನ ಗುಮಾನಿ. ಇವತ್ತು ಬೆಳಿಗ್ಗೆ ಫೋನ್ ಮಾಡಿ ನೇರವಾಗಿ ಕೇಳಿದೆ. ಅತ್ತೆ, “ಮಗನ್ನ ಕಳ್ಕೊಂಡ ಮನೇಲಿ ಅದೆಲ್ಲ ಯಾರಿಗೆ ಹೊಳೆಯುತ್ತಮ್ಮ. ನಾವ್ಯಾರೂ ಅಂದಿಲ್ಲ. ಮಾರನೇ ದಿನ ನಿಮ್ಮಕ್ಕ ಫೋನ್ ಮಾಡಿ ಅತ್ರು. ನಮ್ ಹುಡ್ಗಿ ಕಾಲ್ಗುಣದಿಂದ ಹೋದ್ರು ಅನ್ಬೇಡಿ, ಅವ್ಳಿಗೆ ವಿಷ್ಯಾನೇ ತಿಳಿಸ್ಬೇಡಿ ಅಂತ ಪೃಥ್ವಿಗೂ ಹೇಳಿ ಅಂದ್ರು. ಸ್ಪೀಕರ್ ಹಾಕಿತ್ತು, ಮಗು ಪಕ್ಕದಲ್ಲೇ ಇತ್ತು,” ಅಂದರು. ನನ್ನನ್ನು ಕಾಪಾಡಲೆಂದೇ ನೀನು ಮಾಡಿದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಮನೆಯಲ್ಲಿ ಒಬ್ಬರಿಗೂ ಬಾರದ ಯೋಚನೆ ನಿನಗೇ ಮೊದಲು ಬಂತು. ನೀನು ಅದನ್ನು ನಂಬುತ್ತೀಯಾ ಗೀತಕ್ಕ? ಫೋನ್ ಮಾಡಬೇಡ, ನಿನ್ನ ದನಿ ಕೇಳಿದರೆ ನಾನು ಕರಗಿಬಿಡುತ್ತೇನೆ. ಹೌದು ಅಥವಾ ಇಲ್ಲ ಎಂದು ಬರೆದು ಕಳಿಸು.