ಸೋಲಿನ ಪುಸ್ತಕದಲ್ಲಿ ಬರೆಯದ ಪುಟ

ಸೋಮವಾರ, ಮಾರ್ಚ್ ೧೧

ನನ್ನ ಲಿಟ್ಮಸ್‌ಗೆ,

ಈ ಕಾಗದವನ್ನು ನಿನ್ನ ಮಗಳು ಓದಿ ಹೇಳುತ್ತಾಳೆ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ. ನಿನಗೆ ಈ ಹೆಸರು ಹೇಗೆ ಬಂತು ಅಂತ ಅವಳಿಗೂ ತಿಳಿಯಲಿ. ಹಾಸ್ಟೆಲಿನಲ್ಲಿ ವಾರ್ಡನ್ ಮುಂದೆ ನನ್ನನ್ನು ಉಳಿಸಲು ಒಂದು ಚಿಕ್ಕ ಸುಳ್ಳು ಹೇಳಹೋಗಿ, ಹುಳಿ ತಾಗಿದ ಲಿಟ್ಮಸ್ ಕಾಗದದಂತೆ ನಿನ್ನ ಕೆನ್ನೆ ಕೆಂಪಾಗಿ, ಇಬ್ಬರೂ ಸಿಕ್ಕಿಬಿದ್ದೆವು. ಆಮೇಲೆ ನಿನ್ನ ಕೈಲಿ ಯಾರೂ ಸುಳ್ಳು ಹೇಳಿಸಲಿಲ್ಲ.

ಇಲ್ಲಿ ಎಲ್ಲ ಎಂದಿನಂತೆ ಅಂತ ಬರೆಯಹೊರಟು ಹೊಡೆದುಹಾಕಿದೆ. ಲ್ಯಾಬಿನ ಮೂಲೆಯ ನಲ್ಲಿ ತೊಟ್ಟಿಕ್ಕುವುದೊಂದೇ ಎಂದಿನಂತೆ ಇರುವುದು. ಊಟ ಸೇರುತ್ತಿಲ್ಲ.

ಐದು ಊರಿನ ಬಣ್ಣದ ಕಾರ್ಖಾನೆಗಳು ಸೇರಿ ಕೂಟ ಕಟ್ಟಿದಾಗ ನಗದವರೇ ಇರಲಿಲ್ಲ, ನೆನಪಿದೆಯಾ? ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಕಸಿಯುವವರು ಒಟ್ಟಿಗೆ ಕೂತು ಹೊಸದು ಕಂಡುಹಿಡಿಯುತ್ತಾರಂತೆ ಅಂತ. ಆದರೆ ಒಂದು ಒಳ್ಳೆಯ ಲ್ಯಾಬನ್ನು ಒಂಟಿಯಾಗಿ ನಡೆಸುವ ತಾಕತ್ತು ನಮ್ಮಲ್ಲಿ ಯಾರಿಗೂ ಇರಲಿಲ್ಲ. ಅದಕ್ಕೇ ಐದೂ ಊರಿನ ಪುಟ್ಟ ಲ್ಯಾಬುಗಳು ಪ್ರಯೋಗಗಳನ್ನು ಹಂಚಿಕೊಂಡವು. ಥಿನ್ನರಿನ ಘಾಟಿಲ್ಲದ, ನೀರಲ್ಲೇ ಕಲಸುವ ಬಣ್ಣ ಮಾಡಬೇಕೆಂಬುದು ನಿನ್ನ ಹಟ. ಗೋಡೆಗಳಿಗೆ ಬಣ್ಣ ಬಳಿಯುತ್ತಲೇ ಎದೆ ಕೆಡಿಸಿಕೊಂಡು ಹೋದ ನಿಮ್ಮಪ್ಪನನ್ನು ನೀನು ಮರೆತವಳಲ್ಲ. ಸೋಲಿನ ಪುಸ್ತಕವೂ ನಿನ್ನದೇ. “ಗೆದ್ದಿದ್ದನ್ನ ಎಲ್ಲರೂ ಹೇಳ್ಕೋತಾರೆ. ಕೆಟ್ಟಿದ್ದನ್ನ ಬರೀರಿ, ಇನ್ನೊಬ್ರು ಅದೇ ಗುಂಡೀಲಿ ಬೀಳೋದು ಬೇಡ” ಅಂತ ಮೊದಲ ಸಭೆಯಲ್ಲೇ ನೀನು ಹೇಳಿದೆ. ಅಂದಿನಿಂದ ಕೆಟ್ಟ ಪ್ರಯೋಗಗಳೆಲ್ಲ ಪುಟವಾಗಿ ಐದೂ ಊರಿಗೆ ಹೋಗತೊಡಗಿದವು.

ನನ್ನ ಪುಟಗಳೇ ಹೆಚ್ಚು. ಡಿಸೆಂಬರ್ ಸಭೆಗೆ ನಾನು ಕಾಲಿಡುತ್ತಲೇ ನದಿಯಾಚೆಯ ಕಾರ್ಖಾನೆಯ ಮ್ಯಾನೇಜರು, “ಸೋಲಿನ ಮಹಾರಾಣಿ ಬಂದ್ರು, ಕುರ್ಚಿ ಬಿಡ್ರಪ್ಪಾ” ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ನೀನೊಬ್ಬಳು ನಗಲಿಲ್ಲ. ಮನೆಗೆ ಬರುವಷ್ಟರಲ್ಲಿ ನನ್ನ ಮೈಯೆಲ್ಲ ಉರಿದುಹೋಗಿತ್ತು.

ಜನವರಿ ಒಂಬತ್ತರಂದು ನಾನು ಇಲ್ಲಿನ ಲ್ಯಾಬಿನಲ್ಲಿ ಆ ಹೊಸ ಬಣ್ಣವನ್ನು ಗೋಡೆಗೆ ಹಿಡಿಸುವ ಅಂಟನ್ನು ಕಾಯಿಸಿದೆ. ಎರಡನೆಯ ದ್ರವ ಹುಯ್ಯುವಾಗ ಕಲಕುವ ಮೋಟಾರು ಅರೆಗಳಿಗೆ ನಿಧಾನವಾಯಿತು. ಅಷ್ಟಕ್ಕೇ ಎಲ್ಲವೂ ಹಾಲಿನಂತೆ ಉಕ್ಕಿ, ಮುಚ್ಚಳ ಹಾರಿ ಸೂರಿಗೆ ಬಡಿಯಿತು. ಗಾಬರಿಯಲ್ಲಿ ಹಿಂದಕ್ಕೆ ಬಿದ್ದೆ, ಅದರಿಂದ ಬಚಾವಾದೆ. ಬಾಗಿಲು ಹಾಕಿಕೊಂಡು ಒಬ್ಬಳೇ ಒರೆಸಿದೆ. ಇನ್ನೊಂದು ಪುಟ ಬರೆದು ಇನ್ನೊಂದು ಸಲ ನಗಿಸಿಕೊಳ್ಳಬೇಕಾ ಅನ್ನಿಸಿತು. ಬರೆಯಲಿಲ್ಲ ಕಣೇ. ಯಾರೂ ಬೇಡ ಅನ್ನಲಿಲ್ಲ, ಯಾರೂ ಹೆದರಿಸಲಿಲ್ಲ. ನನ್ನ ಹಾಳು ಜಂಬ, ಅಷ್ಟೇ.

ಐದು ವಾರದ ನಂತರ ನೀನು ನಿಮ್ಮೂರ ಲ್ಯಾಬಿನಲ್ಲಿ ಅದನ್ನೇ ಕಾಯಿಸಿದೆ. ಉಕ್ಕಿದ್ದು ಮುಖದ ಕವಚದ ಕೆಳಗಿನಿಂದಲೇ ಕಣ್ಣಿಗೆ ನುಗ್ಗಿತಂತೆ.

ಆಸ್ಪತ್ರೆಯಲ್ಲಿ ದಿನಾ ನಿನ್ನ ಪಕ್ಕ ಕೂತು ಕಿತ್ತಳೆ ಸುಲಿದೆ. ಒಡಹುಟ್ಟಿದವರೂ ಇಷ್ಟು ಮಾಡುವುದಿಲ್ಲ ಅಂತ ನಿಮ್ಮತ್ತೆ ಕಣ್ಣೊರೆಸಿಕೊಂಡರು. ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು. ನಾಲ್ಕನೆಯ ದಿನ ನೀನು, ಅದು ಉಕ್ಕಿದಾಗ ಸಕ್ಕರೆ ಸೀದ ವಾಸನೆ ಬಂತು ಅಂದೆ. ಹೌದು, ಕೂದಲಿಂದ ಮೂರು ದಿನ ಹೋಗಲ್ಲ ಅಂತ ನಾನು ಬಾಯ್ತಪ್ಪಿ ಅಂದುಬಿಟ್ಟೆ. ನೀನು ಕೈಲಿದ್ದ ತೊಳೆಯನ್ನು ತಡಕಿ ತಟ್ಟೆಗಿಟ್ಟೆ. ಹಣ್ಣು ಸಾಕು ಅಂದೆ.

ವಿಚಾರಣೆಯ ವರದಿ ಬಂದಿದೆ. ಇಂಥ ಸೋಲು ಪುಸ್ತಕದಲ್ಲಿ ಎಲ್ಲೂ ಇಲ್ಲವಾದ್ದರಿಂದ ವಿಧಾನದಲ್ಲಿ ದೋಷವಿಲ್ಲ, ದೋಷ ಪ್ರಯೋಗ ಮಾಡಿದ ಕೈಯದ್ದು ಎಂದು ಬರೆದಿದ್ದಾರೆ. ನಿನ್ನ ಪುಸ್ತಕವನ್ನೇ ನಿನ್ನ ಮೇಲೆ ಸಾಕ್ಷಿಗೆ ನಿಲ್ಲಿಸಿದರು. ಶುಕ್ರವಾರದ ಸಭೆ ಇದನ್ನು ಒಪ್ಪಿದರೆ, ಇಪ್ಪತ್ತೆರಡು ವರ್ಷ ದುಡಿದ ನಿನಗೆ ಅಜಾಗರೂಕಳು ಎಂಬ ಹೆಸರೊಂದೇ ಉಳಿಯುತ್ತದೆ.

ಅದಕ್ಕೆ ಬಿಡುವುದಿಲ್ಲ. ಜನವರಿ ಒಂಬತ್ತರ ಪುಟವನ್ನು ಇವತ್ತು ಬರೆದೆ. ಹಳೆಯ ತಾರೀಖು ಹಾಕಲಿಲ್ಲ, ಇವತ್ತಿನದೇ ಹಾಕಿದೆ. ಐದೂ ಊರಿಗೆ ಅಂಚೆಯಲ್ಲಿ ಹೋಗಿದೆ. ನನ್ನ ಕೆಲಸ ಹೋಗುತ್ತದೆ, ಹೋಗಲಿ. ಅದರಿಂದ ನಿನ್ನ ಕಣ್ಣು ಬರುವುದಿಲ್ಲ ಅಂತ ನನಗೆ ಗೊತ್ತು. ಕ್ಷಮಿಸು ಅಂತ ಕೇಳಲು ಮುಖವಿಲ್ಲ. ಹೇಳಬೇಕಾದ್ದೆಲ್ಲ ಇಷ್ಟೇ.

ಯಾವತ್ತಿಗೂ ನಿನ್ನವಳೇ ಆದ
ಕಡ್ಡಿ

ತಾ.ಕ.: ಇಷ್ಟೇ ಅಲ್ಲ. ಪುಟ್ಟೀ, ಇದು ನಿನಗೆ, ಆದರೆ ಅಮ್ಮನಿಗೂ ಕೇಳುವ ಹಾಗೆ ಓದು. ಪ್ರಯೋಗದ ಹಿಂದಿನ ದಿನ ಅವಳು ನನಗೆ ಫೋನ್ ಮಾಡಿದ್ದಳು. “ಪುಸ್ತಕದಲ್ಲೇನೂ ಇಲ್ಲ, ಆದ್ರೂ ಕೇಳ್ತೀನಿ, ನೀನೇನಾದ್ರೂ ಮಾಡಿ ನೋಡಿದ್ಯಾ?” ಅಂದಳು. ಇಲ್ಲ ಅಂದೆ. ವಿಚಾರಣೆಯವರು ಹಾಸಿಗೆಯ ಪಕ್ಕ ಕೂತು, ಮೊದಲೇ ಯಾರನ್ನಾದರೂ ಕೇಳಿದ್ದಿರಾ ಎಂದಾಗ ನಾನು ಬಾಗಿಲಲ್ಲೇ ನಿಂತಿದ್ದೆ. ಯಾರನ್ನೂ ಕೇಳಿರಲಿಲ್ಲ ಅಂದಳು ನಿಮ್ಮಮ್ಮ. ಕಣ್ಣಿನ ಪಟ್ಟಿಯ ಕೆಳಗೆ ಅವಳ ಕೆನ್ನೆ ಕೆಂಪಾಗಿದ್ದನ್ನು ನಾನೊಬ್ಬಳೇ ನೋಡಿದೆ.