ಹನ್ನೆರಡನೆಯ ಡಿಸ್ಕಿನ ನಕಲು

ಅತ್ತಿಗೆ,

ಸ್ಪೀಕರ್ ಜೋಡಿಸಲು ಸಭಾಂಗಣಕ್ಕೆ ಹೊರಟಿದ್ದೇನೆ. ನಾನಿಲ್ಲದೆ ಅಲ್ಲಿ ಒಂದು ಬಲ್ಬೂ ಹತ್ತುವುದಿಲ್ಲ, ನಿಮಗೆ ಗೊತ್ತಿರುವುದೇ.

ನನ್ನ ಕರೋಕೆ ಡಿಸ್ಕುಗಳ ಪೆಟ್ಟಿಗೆ ಕಿಟಕಿಯ ಕೆಳಗಿದೆ. ಬಿಸಿಲು ಬೀಳುವ ಮೊದಲು ಒಳಕೋಣೆಗೆ ಸಾಗಿಸಿ. ಡಿಸ್ಕುಗಳನ್ನು ನಿಲ್ಲಿಸಿಯೇ ಇಡಿ, ತಟ್ಟೆಗಳ ಹಾಗೆ ಪೇರಿಸಬೇಡಿ. ಒರೆಸುವುದಾದರೆ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಅಣ್ಣನಿಗೆ ಮುಟ್ಟಲು ಬಿಡಬೇಡಿ. ಅವನ ಬೆರಳಿನ ಜಿಡ್ಡಿನಲ್ಲಿ ಇಡೀ ಊರಿಗೆ ದೀಪ ಹಚ್ಚಬಹುದು.

ನನ್ನ ಕೈಯಲ್ಲಿ ಒಂದು ಡಿಸ್ಕಿಗೂ ಗೀರು ಬಿದ್ದಿಲ್ಲವೆಂದು ಊರೆಲ್ಲ ಹೇಳುತ್ತದೆ. ಊರಿಗೆ ಹೇಳಿದವನು ನಾನೇ.

ಈಗ ಹನ್ನೆರಡನೆಯ ಡಿಸ್ಕಿನ ವಿಷಯ. ಸಂಜೆ ಐದಕ್ಕೆ ನಾನು ಹಾಡಬೇಕಾದ ಮೊದಲ ಹಾಡು ಅದರಲ್ಲಿದೆ. ಬೆಳಿಗ್ಗೆ ನಿಮ್ಮ ಮಗಳು ಕನ್ನಡಿ ಬಿಟ್ಟುಕೊಡಲಿಲ್ಲ. ಡಿಸ್ಕಿನ ಹೊಳಪಿನಲ್ಲೇ ನೋಡಿಕೊಂಡು ಮೀಸೆ ಕತ್ತರಿಸುತ್ತಿದ್ದೆ. ಕತ್ತರಿ ಜಾರಿ ಅದರ ಮೇಲೊಂದು ಹೆದ್ದಾರಿಯನ್ನೇ ಎಳೆಯಿತು. ಈಗ ಹಾಡು ಪಲ್ಲವಿ ದಾಟುವುದಿಲ್ಲ.

ಹೋದ ತಿಂಗಳು ನೀವು ಎಲ್ಲ ಡಿಸ್ಕುಗಳಿಗೂ ನಕಲು ತೆಗೆದಾಗ, "ಕೈ ನಡುಗೋರಿಗೆ ನಕಲು ಬೇಕು ಅತ್ತಿಗೆ, ನಂಗ್ಯಾಕೆ?" ಎಂದು ನಕ್ಕಿದ್ದೆ. ಆ ಮಾತು ವಾಪಸ್. ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದೀರಲ್ಲ, ಆ ನಕಲನ್ನು ನಾಲ್ಕೂವರೆಯೊಳಗೆ ತನ್ನಿ. ಇಲ್ಲದಿದ್ದರೆ ಮುನ್ನೂರು ಜನರೆದುರು ಬರಿ ಬಾಯಲ್ಲಿ ಹಾಡಬೇಕು. ನನ್ನ ಬರಿ ದನಿ ಹೇಗಿದೆಯೆಂದು ಸದ್ಯಕ್ಕೆ ನಮ್ಮ ಬಚ್ಚಲಿಗೆ ಮಾತ್ರ ಗೊತ್ತು.

ಮೀಸೆ ಎಡಗಡೆ ಅದ್ಭುತವಾಗಿ ಬಂದಿದೆ. ಬಲಗಡೆಯದನ್ನು ನೋಡಿ ನಗುವುದಿದ್ದರೆ ಹಾಡು ಶುರುವಾಗುವ ಮೊದಲೇ ನಕ್ಕು ಮುಗಿಸಿ.

ನಿಮ್ಮ ಗಾನಗಂಧರ್ವ ಮೈದುನ