ಬೆಲ್ಲಕ್ಕೆ ನಾನು ಹೂಂ ಅಂದದ್ದು

ಶಕುಂತಲಾ,

ಸಕ್ಕರೆ ಕಾಯಿಲೆಯವರು ಸಕ್ಕರೆ ಬಿಟ್ಟು ಬೆಲ್ಲ ತಿಂದರೆ ಏನೂ ಆಗುವುದಿಲ್ಲವೆಂದು ೧೯೭೯ರಲ್ಲಿ ಶಿರಾ ಗೇಟಿನ ಬಳಿಯ ಸಭೆಯಲ್ಲಿ ಆ ನಾಟಿ ವೈದ್ಯ ಪಂಡಿತರು ಸುಳ್ಳು ಹೇಳಿದರು. ಸಕ್ಕರೆ ಕಾಯಿಲೆಯಿದ್ದ ನಿನ್ನನ್ನು ಅಲ್ಲಿಗೆ ಕರೆದೊಯ್ದವನು ನಾನೇ.

ಮನೆಗೆ ಮರಳುವ ದಾರಿಯಲ್ಲಿ ನೀನು ಕೇಳಿದೆ, “ನಿಜವೇನ್ರೀ?” ನಾನು ಹೂಂ ಅಂದೆ.

“ಅಷ್ಟೆಲ್ಲಾ ಓದಿರೋ ನೀವೇ ಹೇಳಿದ್ಮೇಲೆ ಇನ್ನೇನು ಬುಡಿ, ಕಾಫಿಗೆ ಇನ್ನೊಂದು ಚೂರು ಬೆಲ್ಲ ಜಾಸ್ತಿನೇ ಹಾಕ್ತೀನಿ” ಎಂದು ನಕ್ಕೆ ನೀನು. ನಾಲ್ಕು ವರ್ಷ ಹಾಗೆಯೇ ಕುಡಿದೆ. ಮೊದಲು ಹೆಬ್ಬೆರಳು ಹೋಯಿತು, ಆಮೇಲೆ ಕಾಲು, ಹೋದ ವರ್ಷ ನೀನೇ.

ನಿನ್ನೆ ಅದೇ ಪಂಡಿತರು ಮತ್ತೆ ಅಲ್ಲಿಗೇ ಬಂದು ಅದೇ ಮಾತು ಹೇಳಿದರು. ನಾನು ಎದ್ದು ನಿಂತು, ಬೆಲ್ಲವೂ ರಕ್ತದಲ್ಲಿ ಸಕ್ಕರೆಯನ್ನೇ ಏರಿಸುತ್ತದಲ್ಲವೇ ಎಂದು ಕೇಳಿದೆ.

“ಕೂತ್ಕೊಳ್ಳಿ ಯಜಮಾನ್ರೇ, ಬೆಲ್ಲ ತಿಂದೇ ನಮ್ಮಜ್ಜಿ ತೊಂಬತ್ತು ವರ್ಷ ಬದುಕಿದ್ಳು” ಅಂದರು. ಸಭೆಯೆಲ್ಲ ನಕ್ಕಿತು. ಮುಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬಳು ಗಂಡನ ಮುಖ ನೋಡಿದಳು. ಅವನು ಹೂಂ ಅಂದ.

ಮನೆಗೆ ಬಂದು ಒಬ್ಬನಿಗೇ ಕಾಫಿ ಮಾಡಿಕೊಂಡೆ. ಬೆಲ್ಲದ ಡಬ್ಬಿ ನೀನಿಟ್ಟಲ್ಲೇ ಇದೆ.

ಆ ಪಂಡಿತರು ಅದೇ ವೇದಿಕೆ ಹತ್ತಿ, ನಿನ್ನ ಕಾಲು ಹೋದದ್ದು ಹೇಗೆಂದು ಎಲ್ಲರೆದುರು ಉತ್ತರ ಹೇಳಲಿ. ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಸಲಿ. ಅಂದು ಹೂಂ ಅಂದ ನಾನೂ ಉತ್ತರ ಹೇಳಬೇಕು.